ಅಶ್ವತ್ಥಮ್ಮನ ಕೈಕೆಲಸದ ಗಡಿಯಾರ

ತವರಿನ ಅಣ್ಣ ಕೊಟ್ಟ ಗೋಡೆ ಗಡಿಯಾರವನ್ನು ಗಂಡ ಬಿಚ್ಚಿ ಚಾಪೆಯ ಮೇಲೆ ಹರಡಿಕೊಂಡು ಕೂತಿದ್ದನ್ನು ಕಂಡಾಗ, ಅಶ್ವತ್ಥಮ್ಮನ ಕೈಯಲ್ಲಿದ್ದ ಚೊಂಬು ಜಾರಿ ಬೀಳಲಿಲ್ಲ. ಎಸೆಯಲು ಬೇಕಾಗಬಹುದೆಂದು ಅವಳು ಅದನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

"ಏನಯ್ಯಾ, ಚೆನ್ನಾಗಿ ಓಡ್ತಿದ್ದ ಗಡಿಯಾರಾನ ಕೊಂದಾಕ್ಬಿಟ್ಟಲ್ಲಯ್ಯಾ!" (ಶಾಂತವಾಗಿದ್ದಾಗ ಗಂಡನಿಗೆ ಬಹುವಚನವೇ. ಕೋಪ ಬಂದರೆ ಮನೆ ಬಿಟ್ಟು ಹೋಗುತ್ತಿದ್ದುದು ಮೊದಲು ಅದೇ.)

"ಕೊಂದಿಲ್ಲ ಕಣಮ್ಮೀ, ಹೊಸ ಮೈ ಕೊಡ್ತಾ ಇವ್ನಿ," ಅಂದ ಕೋದಂಡಪ್ಪ, ತಲೆಯೆತ್ತದೆ.

ಕೋದಂಡಪ್ಪ ಉರಿಗಾಂ ಚಿನ್ನದ ಗಣಿಯಲ್ಲಿ ಬಡಗಿ. ಸಾಹೇಬರೊಬ್ಬರ ಬಂಗಲೆಗೆ ಕಿಟಕಿ ರಿಪೇರಿಗೆ ಹೋದವನು, ಚಿತ್ರವೂ ಆಗಿ ಗಡಿಯಾರವೂ ಆಗಿದ್ದ ಒಂದು ಪಟ ನೋಡಿ ಬಂದಿದ್ದ. ಅಂದಿನಿಂದ ಅನ್ನ ರುಚಿಸಲಿಲ್ಲ. ಗಣಿಯೊಳಕ್ಕೆ ಗಾಳಿ ಹಾಯಿಸಿ ಹಾಯಿಸಿ ಹರಿದಿದ್ದ ಕೊಳವೆಯ ಕ್ಯಾನ್ವಾಸ್ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಬಾಗಿಲಿಗೆ ಹಚ್ಚಿ ಉಳಿದ ಬಣ್ಣ ಬಳಿದು, ಸೃಷ್ಟಿಕಾರ್ಯಕ್ಕೆ ಇಳಿದಿದ್ದ. ಪಟದ ನಡುವೆ ಒಂದು ನವಿಲು: ಮೈಗೆ ಬಳೆ ಚೂರು, ಬಾಲಕ್ಕೆ ಹುಂಜದ ಪುಕ್ಕ, ಕಣ್ಣಿಗೆ ಅಂಗಿ ಗುಂಡಿ. ಸುತ್ತಲಿನ ಅಂಕಿಗಳಿಗೆ ಮಾತ್ರ ಹಳೆಯ ಅಪ್ಪಟ ಜರಿ.

"ಈ ಜರಿ ಎಲ್ಲಿಂದ ಬಂತು?"

ಕೋದಂಡಪ್ಪ ಗೋಂದಿನ ಡಬ್ಬಿಯೊಳಗೆ ಇಣುಕಿದ.

"ನನ್ ಧಾರೆ ಸೀರೆ!"

"ಟ್ರಂಕಲ್ಲಿ ಕೊಳೀತಾ ಇತ್ತಲ್ಲಾ. ಗೋಡೆ ಮೇಲಿದ್ರೆ ನಾಲ್ಕು ಜನ ನೋಡ್ತಾರೆ."

"ನಿನ್ ನಾಲ್ಕು ಜನ ಆಳಾಗೋಗ್ಲಿ! ನಾಳೆ ಕದಿರಮ್ಮ ಬತ್ತಾಳೆ. ಅವಳ ಮುಂದೆ ನನ್ ಮಾನಾನೇ ನೇತಾಕ್ತೀಯಾ?"

ಕದಿರಮ್ಮ ಬಂಗಾರಪೇಟೆಯಲ್ಲಿರುವ ವಾರಗಿತ್ತಿ. ಬಂದಾಗಲೆಲ್ಲ ಮನೆಯನ್ನು ಸೂರಿನಿಂದ ನೆಲದವರೆಗೆ ಕಣ್ಣಲ್ಲೇ ಗುಡಿಸಿ, "ಪಾಪ" ಅನ್ನುತ್ತಿದ್ದಳು. ಆ ಒಂದು ಮಾತು ಅಶ್ವತ್ಥಮ್ಮನಿಗೆ ಮುಂದಿನ ಹಬ್ಬದವರೆಗೂ ತುರಿಸುತ್ತಿತ್ತು. ಈಗ ಹೊಸ ಮನೆಯ ಗೃಹಪ್ರವೇಶಕ್ಕೆ ಕರೆಯಲು ಬರುವವಳಿದ್ದಳು.

ಮಾರನೆಯ ದಿನ ನವಿಲು ಗೋಡೆಯೇರಿತು. ಮಧ್ಯಾಹ್ನದ ಪಾಳಿಯ ಸೈರನ್ ಕೂಗಿದಾಗ ಅದರ ದೊಡ್ಡ ಮುಳ್ಳು ಬಳೆ ಚೂರೊಂದಕ್ಕೆ ತಗುಲಿಕೊಂಡು ಒದ್ದಾಡುತ್ತಿತ್ತು.

"ಊರೆಲ್ಲಾ ಕೇಳಂಗೆ ಸೈರನ್ ಕೂಗಾಯ್ತು, ನಿನ್ ಗಡಿಯಾರ ಇನ್ನೂ ಬಳೆ ತೊಡ್ತಾ ಐತೆ! ಇಳ್ಸಯ್ಯಾ ಅದನ್ನ, ಒಲೆಗಾಕ್ತೀನಿ!"

ಕೋದಂಡಪ್ಪ ಸ್ಟೂಲು ಹತ್ತಿ ಆ ಚೂರನ್ನು ಕಿತ್ತ. ಮುಳ್ಳು ನಡೆಯಿತು. ಅಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತ ಸದ್ದಾಯಿತು. ಅಶ್ವತ್ಥಮ್ಮ ದುಪ್ಪಟಿ ತಂದು ಗಡಿಯಾರಕ್ಕೆ ಮುಚ್ಚಬೇಕೆನ್ನುವಷ್ಟರಲ್ಲಿ ಕದಿರಮ್ಮ ಕುಂಕುಮದ ಭರಣಿಯೊಂದಿಗೆ ಒಳಗೇ ಬಂದಳು. ಗೋಡೆ ನೋಡಿದಳು. ಅಶ್ವತ್ಥಮ್ಮ "ಪಾಪ"ಕ್ಕಾಗಿ ಹಲ್ಲು ಕಚ್ಚಿ ನಿಂತಳು.

"ಅಯ್ಯಪ್ಪಾ, ಏನ್ ಚೆಂದ ಐತಕ್ಕಾ! ಯಾರು ಮಾಡಿದ್ದು?"

ಕೋದಂಡಪ್ಪ ಗಂಟಲು ಸರಿಮಾಡಿಕೊಂಡ.

"ನಾನೇ," ಅಂದಳು ಅಶ್ವತ್ಥಮ್ಮ. ಆ ಮಾತು ಅವಳನ್ನು ಕೇಳದೆಯೇ ಆಚೆ ಬಂದಿತ್ತು. ಬಂದ ಮೇಲೆ ಒಂಟಿಯಾಗಿ ಬಿಡಲಾದೀತೆ? "ಇವರ್‍ಗೆ ಇದೆಲ್ಲಾ ಎಲ್ಲಿ ಗೊತ್ತಾಗ್ತೈತೆ? ಬರೀ ಮರ ಕೊಯ್ಯೋ ಕೈ."

ಗಂಡ ಈಗ ಸಿಡಿಯುತ್ತಾನೆಂದು ಅವಳು ಕಾದಳು. ಅವನು ಕೈಮುಗಿದ.

"ನಿಜ ಕದಿರಮ್ಮಾ. ನನ್ನ ಅತ್ರಕ್ಕೂ ಬಿಟ್ಕೊಳ್ಳಿಲ್ಲ ಇವರು."

(ಮದುವೆಯಾದಾಗಿನಿಂದ ಅವನು ಹೆಂಡತಿಗೆ ಬಹುವಚನ ಕೊಟ್ಟದ್ದು ಇದೇ ಮೊದಲು.)

"ಅಂಗಾದ್ರೆ ನನ್ನ ಮನೆಗೂ ಒಂದು ಮಾಡ್ಕೊಡಕ್ಕಾ," ಅನ್ನುತ್ತಾ ಕದಿರಮ್ಮ ಕೈಚೀಲದಿಂದ ಹೊಸ ಗಡಿಯಾರದ ಪೆಟ್ಟಿಗೆ ತೆಗೆದಳು. "ಈಗ್ತಾನೆ ರಾಬರ್ಟ್‌ಸನ್‌ಪೇಟೇಲಿ ತಕೊಂಡೆ. ಬೋಳು ಬೋಳಾಗೈತೆ. ಇವತ್ತು ಇಲ್ಲೇ ಇದ್ದು, ನೀನು ಮಾಡೋದು ನೋಡಿ ಕಲ್ತ್ಕೊಂಡೇ ಓಗ್ತೀನಿ."

"ಇವತ್ತಾ? ಗೋಂದು ಮುಗ್ದೋಗೈತಲ್ಲಾ..."

"ಐತೆ," ಅಂದ ಕೋದಂಡಪ್ಪ.

"ಕ್ಯಾನ್ವಾಸು?"

"ಇನ್ನೊಂದು ಚೌಕಟ್ಟು ನೀವೇ ಬಿಗ್ದಿಟ್ಟಿದ್ರಲ್ಲಾ, ಮರ್ತ್ರಾ?"

ಕತ್ತರಿ, ಬಣ್ಣ, ಬಳೆ ಚೂರುಗಳನ್ನು ಪೂಜೆಗೆ ಜೋಡಿಸಿದಂತೆ ಅವಳ ಮುಂದೆ ಜೋಡಿಸಿ, ಎರಡೂ ಕೈಯಿಂದ ಸ್ಕ್ರೂಡ್ರೈವರ್ ಒಪ್ಪಿಸಿ, ಅವನು ಸ್ಟೂಲಿನ ಮೇಲೆ ಕೂತ. ಕದಿರಮ್ಮ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಸರಿದಳು. ಅಶ್ವತ್ಥಮ್ಮ ಹೊಸ ಗಡಿಯಾರವನ್ನು ಬೋರಲು ಹಾಕಿದಳು, ಎತ್ತಿದಳು, ಮತ್ತೆ ಬೋರಲು ಹಾಕಿದಳು. ಕೊನೆಗೆ ತುಟಿ ಅಲ್ಲಾಡಿಸದೆ ಗಂಡನ ಕಡೆ ಉಸುರಿದಳು:

"ಎಲ್ಲಿಂದ ಬಿಚ್ಬೇಕ್ರೀ?"

"ಏನಂದ್ರಿ?" ಕೋದಂಡಪ್ಪ ಪಕ್ಕದ ಮನೆಗೂ ಕೇಳುವಂತೆ ಕೂಗಿದ. "ನನ್ನ ಕೇಳ್ತೀರಲ್ಲಾ! ಬರೀ ಮರ ಕೊಯ್ಯೋ ಕೈಗೆ ಇದೆಲ್ಲಾ ಎಲ್ಲಿ ಗೊತ್ತಾಗ್ತೈತೆ?"