ದೊಡ್ಡಮ್ಮ ಮತ್ತು ಮರದ ಊಟ

ನನ್ನ ದೊಡ್ಡಮ್ಮನ ಜೊತೆ ದಾರಿ ನಡೆಯುವ ಧೈರ್ಯ ನಿಮಗುಂಟೇ? ನನಗಂತೂ ಇಲ್ಲ! ಎದುರು ಸಿಕ್ಕ ನೆಂಟರನ್ನು ನೋಡಿಯೂ ನೋಡದಂತೆ ಮುಂದೆ ಹೋಗುವ ಈಕೆ, ಮರ ಸಿಕ್ಕಿದರೆ ಮಾತ್ರ ಅದರ ಊಟದ ಯೋಗಕ್ಷೇಮ ವಿಚಾರಿಸದೆ ಕದಲುವುದಿಲ್ಲ. ಶಿರ್ತಾಡಿಯ ಕಡೆ ನೆಲೆಸಿರುವ ನಿವೃತ್ತ ವಿಜ್ಞಾನ ಟೀಚರ್. ಶಾಲೆ ಬಿಟ್ಟರೂ ಪಾಠ ಬಿಟ್ಟಿಲ್ಲ.

ಒಮ್ಮೆ ಕಲ್ಲಡ್ಕದಲ್ಲಿ ಚಹಾ ಕುಡಿಯಲು ಕೂತೆವು. ಅಲ್ಲಿಯ ಚಹಾ ಗೊತ್ತಲ್ಲ, ಗ್ಲಾಸಿನ ಕೆಳಗೆ ಬಿಳಿ ಹಾಲು, ಮೇಲೆ ಕೆಂಪು ಡಿಕಾಕ್ಷನ್, ಒಂದಕ್ಕೊಂದು ಬೆರೆಯದೆ ನಿಂತಿರುತ್ತವೆ. ನಾನು ಚಮಚ ಎತ್ತಿದ್ದೇ ತಡ, "ಕಲಕಬೇಡ!" ಎಂದು ಗದರಿದಳು. "ಮರದ ಒಳಗೂ ಹೀಗೆಯೇ ಎರಡು ಬೇರೆ ಬೇರೆ ದಾರಿ ಉಂಟು. ಬೇರಿನ ನೀರು ಕಟ್ಟಿಗೆಯ ಒಳಗೆ ಮೇಲೆ ಹೋಗ್ತದೆ. ಎಲೆ ಮಾಡಿದ ಅಡುಗೆ ತೊಗಟೆಯ ಒಳಪದರದಲ್ಲಿ ಕೆಳಗೆ ಇಳಿತದೆ." ಪಕ್ಕದ ಮೇಜಿನವರೂ ಹೆದರಿ ಚಮಚ ಕೆಳಗಿಟ್ಟರು. ಪಾಠ ಮುಗಿದ ಮೇಲೆ ಎಲ್ಲರೂ ತಣ್ಣಗಿನ ಚಹಾ ಕುಡಿದೆವು.

ಇನ್ನೊಮ್ಮೆ ಬಂಟ್ವಾಳದಲ್ಲಿ ಗುರುತು ಪರಿಚಯವಿಲ್ಲದವರ ಅಂಗಳಕ್ಕೆ ನುಗ್ಗಿ, ಮಾವಿನ ಮರಕ್ಕೆ ಬಿಗಿದಿದ್ದ ಬಟ್ಟೆ ಒಣಗಿಸುವ ತಂತಿ ಬಿಚ್ಚಿಬಿಟ್ಟಳು. ಬಿಳಿ ಪಂಚೆಗಳೆಲ್ಲ ಮಣ್ಣುಪಾಲು! "ಮರದ ಗಂಟಲು ಹಿಸುಕಿದ್ರೆ ಬೇರಿಗೆ ಊಟ ಹೇಗೆ ಹೋಗ್ಬೇಕು ಮಾರಾಯ್ರೆ?" ಬೈಯಲು ಬಂದ ಯಜಮಾನರು ಕೊನೆಗೆ ಮರದ ಹತ್ತಿರ ಕ್ಷಮೆ ಕೇಳಿದರು. ಪಂಚೆ ಒಗೆದವನು ನಾನು.

ಈ ಊಟದ ಹುಚ್ಚು ಮರಗಳ ಮೇಲೆ ಮಾತ್ರವಲ್ಲ. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಹೋದಳು. ಅಂದಿನಿಂದ ಮಧ್ಯಾಹ್ನದ ಗಂಟೆ ಹೊಡೆದ ಕೂಡಲೆ ದೊಡ್ಡಮ್ಮ ತನ್ನ ಶಾಲೆಯಿಂದ ನನ್ನ ಶಾಲೆಗೆ ಬುತ್ತಿ ಹಿಡಿದು ಓಡಿ ಬರುತ್ತಿದ್ದಳು. ಕೊನೆಯ ತುತ್ತು ಇಳಿಯುವವರೆಗೆ ಎದುರು ನಿಂತು ಕಾವಲು! ಗೆಳೆಯರೆಲ್ಲ ನಗುವಾಗ ನನಗೆ ನಾಚಿಕೆಯೋ ನಾಚಿಕೆ.

ಹೋದ ವರ್ಷ ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆ ಬಂತು. ಬೆಳಕು ಹರಿಯುವ ಮೊದಲು ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ಕಷಾಯ ಕುಡಿಯುವುದು ನಮ್ಮ ಕಡೆಯ ಕ್ರಮ. ಕತ್ತಲಲ್ಲಿ ತಪ್ಪಿ ವಿಷದ ಮರ ಜಜ್ಜಿದರೆ ಕಥೆ ಮುಗಿಯಿತು. ಹಾಗಾಗಿ ಊರಿಗೆ ಊರೇ ದೊಡ್ಡಮ್ಮ ಗುರುತಿಸಿಕೊಟ್ಟ ಒಂದೇ ಮರಕ್ಕೆ ಬಂತು. ಒಬ್ಬರು ತೆಗೆದ ಜಾಗಕ್ಕೆ ಇನ್ನೊಬ್ಬರು ಕೈ ಹಾಕಬಾರದೆಂಬ ಮರ್ಯಾದೆ ಬೇರೆ! ಪ್ರತಿಯೊಬ್ಬರೂ ಚೂರು ಪಕ್ಕಕ್ಕೆ ಸರಿದು ಜಜ್ಜಿದರು. ಬೆಳಗಾದಾಗ ನೋಡಿದರೆ ಮರದ ಸುತ್ತ ಬಳೆ ತೊಡಿಸಿದ ಹಾಗೆ ತೊಗಟೆ ಮಾಯವಾಗಿತ್ತು.

"ಎಲೆ ಹಸಿರೇ ಉಂಟಲ್ಲ ಟೀಚರೇ, ಏನಾಗುದಿಲ್ಲ," ಎಂದರು ಪಕ್ಕದ ಮನೆಯ ಶೆಟ್ಟರು.

"ಮೇಲೆ ನೀರು ಹೋಗ್ತಾ ಉಂಟು, ಹಾಗೆ ಹಸಿರು. ಕೆಳಗೆ ಬೇರು ಉಪವಾಸ. ಸಾಯ್ತದೆ ಇದು!" ದೊಡ್ಡಮ್ಮನ ದನಿ ನಡುಗಿದ್ದನ್ನು ನಾನು ಮೊದಲ ಸಲ ಕೇಳಿದೆ.

ಅದೇ ಮರದ ಎಳೆಯ ಕಡ್ಡಿಗಳನ್ನು ಕಡಿದು, ಗಾಯದ ಮೇಲಿನ ತೊಗಟೆಯಿಂದ ಕೆಳಗಿನ ತೊಗಟೆಗೆ, ಹಳ್ಳ ದಾಟಲು ಸಂಕ ಹಾಕಿದ ಹಾಗೆ, ಕಸಿ ಕಟ್ಟತೊಡಗಿದಳು. ಸಹಾಯಕ್ಕೆ ನಿಂತ ಶೆಟ್ಟರು ಒಂದು ಕಡ್ಡಿಯನ್ನು ತಲೆಕೆಳಗಾಗಿ ಹಿಡಿದರು. "ನಿಮ್ಮನ್ನು ತಲೆಕೆಳಗೆ ನಿಲ್ಲಿಸಿ ಗಂಜಿ ಕುಡಿಸಿದ್ರೆ ಆಗ್ತದಾ?" ಶೆಟ್ಟರು ತಕ್ಷಣ ಕಡ್ಡಿ ತಿರುಗಿಸಿ ಹಿಡಿದರು! ಕೊನೆಗೆ ದೊಡ್ಡಮ್ಮ ತನ್ನ ಹಳೆಯ ಕೆಂಪು ಸೀರೆಯನ್ನೇ ಗಾಯಕ್ಕೆ ಸುತ್ತಿದಳು. ಮರುದಿನ ಯಾರೋ ಬುಡದಲ್ಲಿ ದಾಸವಾಳ ಇಟ್ಟು ಕೈಮುಗಿದು ಹೋಗಿದ್ದರು! "ಇರ್ಲಿ, ಇನ್ನು ಯಾರೂ ಮುಟ್ಟುದಿಲ್ಲ," ಎಂದಳು.

ಈ ವರ್ಷ ಆಟಿಗೆ ಮೊದಲು ಸೀರೆ ಬಿಚ್ಚಿದಳು. ಒಂದೆರಡು ಕಡ್ಡಿ ಒಣಗಿದ್ದವು. ಉಳಿದವು ಹೆಬ್ಬೆರಳಿನಷ್ಟು ದಪ್ಪವಾಗಿ ಮರದೊಡನೆ ಕೂಡಿಕೊಂಡಿದ್ದವು. ಮರ ಬದುಕಿತ್ತು.

ಶೆಟ್ಟರಿಗೆ ನಂಬಿಕೆಯೇ ಬರಲಿಲ್ಲ. "ಅಲ್ಲ ಟೀಚರೇ, ಇದ್ದ ದಾರಿ ಹೋದ ಮೇಲೆ, ಹೀಗೆ ಕಟ್ಟಿದ ಕಡ್ಡಿಯಲ್ಲಿ ಊಟ ಇಳಿದು ಬದುಕ್ಲಿಕ್ಕೆ ಆಗ್ತದಾ?"

ದೊಡ್ಡಮ್ಮ ಸೀರೆ ಮಡಚುತ್ತಾ ನನ್ನ ಕಡೆ ಬೊಟ್ಟು ಮಾಡಿದಳು. "ಇವ ಬದುಕಲಿಲ್ಲವಾ?"

ನಾನು ಮರದ ಆಚೆ ಬದಿಗೆ ಹೋಗಿ ಕಣ್ಣೊರೆಸಿಕೊಂಡೆ. ಅಲ್ಲಿಗೂ ಅವಳ ದನಿ ಹಿಂಬಾಲಿಸಿ ಬಂತು.

"ಊಟ ಆಯ್ತಾ ನಿಂದು?"