ಮೂವತ್ತೇಳು ಕುದುರೆಯ ಕಾರು

ನಮ್ಮ ದೊಡ್ಡಪ್ಪ ಯಾರನ್ನೂ ನಂಬುತ್ತಿರಲಿಲ್ಲ ಎಂದರೆ ತಪ್ಪಾದೀತು. ದೇವರನ್ನು ನಂಬುತ್ತಿದ್ದರು. ರೇಡಿಯೋದ ಹವಾಮಾನ ವರದಿಯನ್ನೂ ಒಂದಿಷ್ಟು ನಂಬುತ್ತಿದ್ದರು. ನಂಬದೇ ಇದ್ದದ್ದು ಕಾರು ಮಾಡುವ ಕಂಪನಿಗಳನ್ನು ಮಾತ್ರ! ಇಂಜಿನ್ನಿಗೆ ಇಷ್ಟು ಎಚ್‌ಪಿ, ಅಂದರೆ ಇಷ್ಟು ಕುದುರೆಯ ಬಲ ಎಂದು ಪುಸ್ತಕದಲ್ಲಿ ಅಚ್ಚು ಹಾಕಿದ್ದರೆ, ಅದನ್ನು ಓದಿ ಮೂಗಿನಲ್ಲೇ ನಗುತ್ತಿದ್ದರು. "ಇವ್ನು ಮೂವತ್ತೇಳು ಕುದುರೆ ಅಂತಾನೆ. ಅದ್ರಲ್ಲಿ ಹದಿನೈದು ಇನ್ನೂ ಕಂಪನಿ ಲಾಯದಲ್ಲೇ ಹುಲ್ಲು ತಿಂತಾ ನಿಂತವೆ ಕಣಮ್ಮಣ್ಣಿ!" ಎನ್ನುತ್ತಿದ್ದರು. ಇಷ್ಟೆಲ್ಲ ಮಾತಾಡುವವರ ಮನೆಯಲ್ಲಿ ಎಷ್ಟು ಕಾರಿದ್ದವು ಎಂದು ಕೇಳುತ್ತೀರಾ? ಒಂದೂ ಇರಲಿಲ್ಲ.

ಈ ಅಪನಂಬಿಕೆಗೆ ಮೂಲ ಪಂಪ್‌ಸೆಟ್ಟು. ದೇವನಹಳ್ಳಿಯಲ್ಲಿ ಅವರದು ಮೋಟಾರು ರಿಪೇರಿ ಅಂಗಡಿ. ರೈತರು ಹೊತ್ತು ತರುವ ಮೋಟಾರಿನ ತಗಡಿನ ಮೇಲೆ ಐದು ಎಚ್‌ಪಿ ಎಂದಿರುತ್ತಿತ್ತು. ಬಿಚ್ಚಿ ನೋಡಿದರೆ ಒಳಗೆ ಮೂರು ಎಚ್‌ಪಿಗೆ ಸಾಲುವಷ್ಟೇ ತಾಮ್ರದ ತಂತಿ. ಇನ್ನು ಕೆಲವು ಏಳೂವರೆಯ ಮೋಟಾರುಗಳು ಕರೆಂಟಿನವರು ನೋಡಲು ಬಂದ ದಿನ ಮಾತ್ರ, ಬಿಲ್ಲು ಕಡಿಮೆಯಾಗಲೆಂದು, ಐದಾಗಿಬಿಡುತ್ತಿದ್ದವು! ತಗಡು ಬದಲಾಯಿಸಿ ಕೊಡಿ ಎಂದು ಬಂದವರನ್ನು ದೊಡ್ಡಪ್ಪ ಮೆಟ್ಟಿಲಲ್ಲೇ ನಿಲ್ಲಿಸಿ ಬೈದು ಕಳಿಸುತ್ತಿದ್ದರು. ಅಂಕಿಯಲ್ಲಿ ಸುಳ್ಳು ಹೇಳಬಾರದು ಎಂಬುದೊಂದೇ ಅವರು ಚಾಚೂ ತಪ್ಪದೆ ಪಾಲಿಸಿದ ವ್ರತ. ಏಕಾದಶಿಯ ದಿನ ಬೋಂಡಾ ತಿಂದದ್ದನ್ನು ನಾನೇ ನೋಡಿದ್ದೇನೆ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಆಗಿನ್ನೂ ದೇವನಹಳ್ಳಿಗೆ ವಿಮಾನ ಬಂದಿರಲಿಲ್ಲ. ಬಸ್ಸೇ ಸರಿಯಾಗಿ ಬರುತ್ತಿರಲಿಲ್ಲ. ಆದರೂ ಅಲ್ಲೊಬ್ಬರು ಇಲ್ಲೊಬ್ಬರು ಹಳೇ ಕಾರು ಕೊಳ್ಳಲು ಶುರುಮಾಡಿದ್ದರು. ಕೊಳ್ಳುವ ಮೊದಲು ದೊಡ್ಡಪ್ಪನ ಪರೀಕ್ಷೆ ಆಗಲೇಬೇಕು. ಪಕ್ಕದ ಊರು ಆವತಿಯ ಕಡೆ ಒಂದು ಏರು ರಸ್ತೆ ಇತ್ತು. ಕೆಳಗೆ ಹುಣಸೆಮರ, ಮೇಲೆ ಮುನೇಶ್ವರನ ಕಲ್ಲು. ಗಾರೆಯವರು ಮಟ್ಟ ನೋಡುವ ನೀರಿನ ಪೈಪು ಹಿಡಿದು, ಮೂರು ದಿನ ಬಿಸಿಲಲ್ಲಿ ನಿಂತು, ಮರಕ್ಕಿಂತ ಕಲ್ಲು ಎಷ್ಟು ಎತ್ತರ ಎಂದು ದೊಡ್ಡಪ್ಪ ಅಳೆದಿದ್ದರು. ಎಪ್ಪತ್ತೈದು ಕೇಜಿಯನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಮೇಲೆತ್ತಿದರೆ ಒಂದು ಕುದುರೆ. ಹಾಗಾಗಿ ಕಾರಿಗೆ ರಾಗಿ ಮೂಟೆ ಹೇರಿ, ಮರದಿಂದ ಕಲ್ಲಿಗೆ ಓಡಿಸಿ, ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಿದರೆ ಮುಗಿಯಿತು. ಲೆಕ್ಕದಲ್ಲಿ ಹುಳುಕು ಹುಡುಕಲು ನನಗೂ ಆಗುತ್ತಿರಲಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಮನೆಯಲ್ಲೇ ಮೇಡಂ ಇದ್ದಾಳೆಂದು ಗಡಿಯಾರ ನನ್ನ ಕೈಗೆ ಬಂದಿತ್ತು.

ಮೂಟೆ ಸಾಲದಿದ್ದರೆ ನೆಂಟರು! ನೆಂಟರಿಷ್ಟರ ಹೆಸರು ಮರೆತರೂ ತೂಕವನ್ನು ದೊಡ್ಡಪ್ಪ ಮರೆಯುತ್ತಿರಲಿಲ್ಲ. "ಆ ಎಂಬತ್ತೆರಡು ಕೇಜಿ ಅತ್ತೆಮ್ಮ ಬಂದವ್ಳೇನು? ಹಿಂದ್ಗಡೆ ಕೂರ್ಸು" ಎಂದು ಹಬ್ಬದ ಮನೆಯಲ್ಲಿ ಎಲ್ಲರೆದುರು ಕೂಗಿದ್ದರು. ಆ ಅತ್ತೆಮ್ಮ ಎರಡು ವರ್ಷ ನಮ್ಮ ಮನೆಗೆ ಕಾಲಿಡಲಿಲ್ಲ.

ನನ್ನನ್ನು ನೋಡಲು ಒಂದು ಗಂಡಿನ ಕಡೆಯವರು ಕಾರಿನಲ್ಲಿ ಬಂದರು ನೋಡಿ, ಅವತ್ತಿನ ಕಥೆಯೇ ಬೇರೆ. ಉಪ್ಪಿಟ್ಟು ತಿನ್ನುತ್ತಾ ಗಂಡಿನ ಅಪ್ಪ, "ನಮ್ಮ ಗಾಡಿ ಐವತ್ತು ಎಚ್‌ಪಿ" ಎಂದುಬಿಟ್ಟರು. ದೊಡ್ಡಪ್ಪ ಸುಮ್ಮನಿರುವುದುಂಟೇ? ಬೀಗರಾಗಬೇಕಾದವರನ್ನು ಹತ್ತಿಸಿಕೊಂಡು ಏರಿಗೆ ಹೊರಟೇಬಿಟ್ಟರು. ಲೆಕ್ಕ ಇಪ್ಪತ್ತೆಂಟಕ್ಕೆ ನಿಂತಿತು. "ಗಾಡಿ ವಿಷಯ್ದಲ್ಲೇ ಇಪ್ಪತ್ತೆರಡು ಸುಳ್ಳೇಳೋನು, ಮಗನ ವಿಷಯ್ದಲ್ಲಿ ಎಷ್ಟು ಹೇಳಿರ್ಬೋದು ಲೆಕ್ಕ ಹಾಕು!" ಎಂದು ದೊಡ್ಡಪ್ಪ ಸಂಬಂಧ ಮುರಿದರು. ನನಗೇನೂ ಬೇಜಾರಾಗಲಿಲ್ಲ. ಹುಡುಗ ಆ ಏರಿನ ಅರ್ಧದಲ್ಲೇ ಉಪ್ಪಿಟ್ಟು ಕಕ್ಕಿಕೊಂಡಿದ್ದ.

ಇದೆಲ್ಲ ಊರಿಗೆ ತಮಾಷೆ, ದೊಡ್ಡಮ್ಮನಿಗಲ್ಲ. ಅವಳ ತವರು ಶಿವಗಂಗೆಯ ಕೆಳಗಿನ ಒಂದು ಹಳ್ಳಿ. ಹಾಸಿಗೆ ಹಿಡಿದ ತಾಯಿ ಅಲ್ಲಿದ್ದಳು. ಹೋಗಬೇಕಾದರೆ ಮೂರು ಬಸ್ಸು ಹತ್ತಿ ಇಳಿಯಬೇಕು. ದೊಡ್ಡಮ್ಮನ ಮಂಡಿಗಳೋ, ಒಂದು ಬಸ್ಸಿನ ಮೆಟ್ಟಿಲಿಗೇ ಊದಿಕೊಳ್ಳುತ್ತಿದ್ದವು. ಒಂದು ಕಾರು ತನ್ನಿ ಎಂದು ಅವಳು ಕೇಳುವುದು, ತರುತ್ತೇನೆ ಎಂದು ಇವರು ಏರಿಗೆ ಹೋಗುವುದು, ಕಂಪನಿಯವನು ಸುಳ್ಳ ಎಂದು ಬರಿಗೈಯಲ್ಲಿ ಬರುವುದು, ಹೀಗೇ ಆರು ವರ್ಷ! "ನೀವು ಸತ್ಯವಂತನ್ನ ಹುಡ್ಕೋ ಹೊತ್ಗೆ ನಮ್ಮವ್ವ ಇರಲ್ಲ ಕಣ್ರೀ" ಎಂದು ಒಂದು ದಿನ ಹೇಳಿ ಒಳಗೆ ಹೋದಳು. ದೊಡ್ಡಪ್ಪ ಆ ದಿನ ಊಟ ಮಾಡಲಿಲ್ಲ. ಆದರೆ ಕಾರನ್ನೂ ತರಲಿಲ್ಲ.

ಕೊನೆಗೆ ತಂದವಳು ದೊಡ್ಡಮ್ಮನೇ. ರೇಷ್ಮೆಹುಳು ಸಾಕಿ ಕೂಡಿಟ್ಟದ್ದನ್ನು ತಮ್ಮನ ಕೈಗೆ ಕೊಟ್ಟು, ಗಂಡನಿಗೆ ಹೇಳದೆ, ಒಂದು ಪುಟ್ಟ ಹಳೇ ಕಾರು ತರಿಸಿದಳು. ಪುಸ್ತಕದ ಪ್ರಕಾರ ಮೂವತ್ತೇಳು ಎಚ್‌ಪಿ. ಅವಳ ತಮ್ಮ ಕಾರಿನ ಬೀಗದ ಕೈ ತಿರುಗಿಸುತ್ತಾ, "ಭಾವ, ನಿಮ್ಗೆ ಒಪ್ಗೆ ಆಗ್ದಿದ್ರೆ ಹೇಳ್ಬಿಡಿ. ಸಂಜೆಗೇ ವಾಪಸ್ ಕೊಟ್ಬರ್ತೀನಿ" ಎಂದ. ದೊಡ್ಡಮ್ಮ ಮದುವೆಮನೆಗೆ ಉಡುವ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಳು.

ಹಿಂದೆ ಎರಡು ಮೂಟೆ ಹೇರಿದ್ದಾಯಿತು. ಓಡಿಸಿದವನು ತಮ್ಮ. ದೊಡ್ಡಪ್ಪ, ನಾನು, ಅರ್ಧ ಊರು ಮುನೇಶ್ವರನ ಕಲ್ಲಿನ ಹತ್ತಿರ ನಿಂತೆವು. ಕಾರು ಹುಣಸೆಮರ ದಾಟಿತು. ಆಮೇಲೆ ಅದು ಪಟ್ಟ ಪಾಡನ್ನು ಏನೆಂದು ಹೇಳಲಿ! ನರಳಿತು, ಕೆಮ್ಮಿತು, ಕಪ್ಪು ಹೊಗೆ ಬಿಟ್ಟಿತು. ಪಕ್ಕದಲ್ಲಿ ಸೈಕಲ್ ತುಳಿಯುತ್ತಿದ್ದವನೊಬ್ಬ ಅನುಮಾನದಿಂದ ತಿರುಗಿ ನೋಡಿದ. ಕಲ್ಲು ಮುಟ್ಟಿದಾಗ ನನ್ನ ಗಡಿಯಾರದಲ್ಲಿ ಇಪ್ಪತ್ತು ಸೆಕೆಂಡು. ಮನಸ್ಸಿನಲ್ಲೇ ಭಾಗಿಸಿದೆ. ಹನ್ನೆರಡೇ ಕುದುರೆ! ದೊಡ್ಡಪ್ಪನ ಚರಿತ್ರೆಯಲ್ಲೇ ಇಷ್ಟು ಕಡಿಮೆ ಬಂದಿರಲಿಲ್ಲ.

ದೊಡ್ಡಪ್ಪ ಗಡಿಯಾರ ಇಸಿದುಕೊಂಡು ನೋಡಿದರು. ಆಮೇಲೆ ಕಾರಿನ ಕಡೆ ನೋಡಿದರು. ದೊಡ್ಡಮ್ಮ ಸೆರಗಿನಿಂದ ಮುಂದಿನ ಗಾಜಿನ ಧೂಳು ಒರೆಸುತ್ತಾ ಕೂತಿದ್ದಳು, ಇವರ ಮುಖ ನೋಡುವ ಧೈರ್ಯವಿಲ್ಲದೆ.

"ಎಷ್ಟು ಬಂತು ಭಾವ?"

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. "ಮೂವತ್ತೇಳು. ಈ ಒಂದ್ಸಲ ಕಂಪ್ನಿಯೋನು ಸುಳ್ಳೇಳಿಲ್ಲ" ಎಂದರು.

ಜನ ಹೋ ಎಂದರು. ತಮ್ಮನಿಗೆ ನಂಬಿಕೆ ಬರಲಿಲ್ಲ. "ಮೇಡಂ, ಲೆಕ್ಕ ಸರಿಯಾಗೈತಾ?" ಎಂದು ನನ್ನನ್ನೇ ಕೇಳಿದ. ಅರ್ಧ ಅಂಕಕ್ಕೆ ಹುಡುಗರನ್ನು ಫೇಲು ಎಂದಿದ್ದ ಬಾಯಿ ಇದು. "ಸರಿಯಾಗಿದೆ" ಎಂದೆ. ದೊಡ್ಡಪ್ಪ ನನ್ನ ಕಡೆ ತಿರುಗಲೇ ಇಲ್ಲ. ಮೂಟೆಗಳನ್ನು ತಾವೇ ಇಳಿಸತೊಡಗಿದರು. "ಅಲ್ಲೇ ಕೂತಿರು, ಇಳೀಬ್ಯಾಡ. ಹಿಂಗೇ ನಿಮ್ಮವ್ವನ್ನ ನೋಡ್ಕಂಡು ಬರಾಣ" ಎಂದು ಹಿಂದಿನಿಂದಲೇ ಹೆಂಡತಿಗೆ ಕೂಗಿ ಹೇಳಿದರು. ಆ ಮನುಷ್ಯನನ್ನು ಅವತ್ತಿನಷ್ಟು ಎಂದೂ ಇಷ್ಟಪಟ್ಟಿರಲಿಲ್ಲ.

ಕಿಟಕಿಯ ಹತ್ತಿರ ಹೋದೆ. ದೊಡ್ಡಮ್ಮ ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

"ಇಪ್ಪತ್ತು ಸೆಕೆಂಡಾಯ್ತಲ್ವೇನೇ? ನಾನೂ ಒಳ್ಗೆ ಎಣಿಸ್ತಾನೇ ಇದ್ದೆ" ಎಂದು ಪಿಸುಗುಟ್ಟಿದಳು. ಅವಳ ಕಣ್ಣು ತುಂಬಿತ್ತು. "ನಂಗೆ ಗೊತ್ತಾಯ್ತು ಅಂತ ಅವ್ರಿಗೆ ಹೇಳ್ಬ್ಯಾಡ ಕಣೇ. ಪಾಪ, ನಾಚ್ಕೊಂಡ್ಬಿಡ್ತಾರೆ."