ಲವೀನಾಳ ರೋಸಿಗೊಂದು ಪುಟ್ಟ ಲೆನ್ಸು

ಯಾವ ವಸ್ತುವನ್ನೇ ಆಗಲಿ, ಓದಿ, ವಿಚಾರಿಸಿ, ಅಳೆದು ತೂಗಿ ಕೊಳ್ಳುವವನು ನಾನು. ಮೈಸೂರು ಬಿಟ್ಟು ಬಹರೈನಿಗೆ ಬಂದು ಗುಫೂಲ್‌ನಲ್ಲಿ ಸಂಸಾರ ಹೂಡಿದಾಗಿನಿಂದ ನಮ್ಮ ಮನೆಯ ಕುಕ್ಕರ್‌ನಿಂದ ಹಿಡಿದು ಕಾರಿನವರೆಗೆ ಎಲ್ಲವೂ ನನ್ನ ಸಂಶೋಧನೆಯ ಫಲ. ಕುಕ್ಕರ್ ಕೂಗುವುದಿಲ್ಲ ಎಂಬುದು ಬೇರೆ ಮಾತು!

ಹೀಗಿರುವಾಗ ಇಲ್ಲೇ ಅವಾಲಿಯಲ್ಲಿದ್ದ ಪರಿಚಯದವರೊಬ್ಬರು ಕೆಲಸ ಮುಗಿಸಿ ಊರಿಗೆ ಹೊರಟರು. ಹೋಗುವ ಮುಂಚೆ ತಮ್ಮ ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾವನ್ನು ನನ್ನ ಕೈಗಿತ್ತರು. ರೀಲು ಹಾಕುವ ಕ್ಯಾಮೆರಾ. ಅದಕ್ಕೆ ಲೆನ್ಸ್ ಇರಲಿಲ್ಲ. ಅದನ್ನು ಆರಿಸುವ ಮಹತ್ಕಾರ್ಯ ನನ್ನ ಪಾಲಿಗೆ ಬಂತು.

"ಇದರಲ್ಲಿ ಲೆನ್ಸಿನ ಮೂಲಕ ನೋಡೋದಿಲ್ಲ ಕಣೇ," ಎಂದು ಹೆಂಡತಿ ಸುಮಂಗಲೆಗೆ ಪಾಠ ಶುರುಮಾಡಿದೆ. "ಪಕ್ಕದ ಈ ಪುಟ್ಟ ಕಿಟಕಿಯಿಂದ ನೋಡೋದು. ಎರಡು ಬಿಂಬ ಕಾಣುತ್ತೆ. ಎರಡೂ ಒಂದಾದರೆ ಫೋಕಸ್! ಲೆನ್ಸ್ ದೊಡ್ಡದಾದರೆ ಕಿಟಕಿಗೆ ಅಡ್ಡ ಬರುತ್ತೆ. ಅದಕ್ಕೇ ಪುಟ್ಟದು ಬೇಕು."

ಅವಳು ಕಲಬುರಗಿಯವಳು. ರೊಟ್ಟಿ ಬಡಿಯುತ್ತಲೇ ಕೇಳಿದಳು, "ಲೆನ್ಸಿನ್ಯಾಗ ನೋಡಲ್ಲ ಅಂದ್ರ, ಲೆನ್ಸಿಗಿ ಏನರ ಆದ್ರ ಹ್ಯಾಂಗ ಗೊತ್ತಾಗ್ತದ್ರಿ?"

ಇಂಥ ಪಾಮರ ಪ್ರಶ್ನೆಗಳಿಗೆ ನಾನು ಉತ್ತರ ಕೊಡುವುದಿಲ್ಲ.

ರಾಶಿ ರಾಶಿ ಓದಿ ಮನಾಮಾದ ಕ್ಯಾಮೆರಾ ಅಂಗಡಿಗೆ ಹೋದೆ. ನಾನು ಓದಿಕೊಂಡಿದ್ದ ಯಾವ ಲೆನ್ಸೂ ಅಲ್ಲಿರಲಿಲ್ಲ! ಇದ್ದವುಗಳಲ್ಲಿ ಅತಿ ಪುಟ್ಟದನ್ನು ಆರಿಸಿದೆ. ಕ್ಯಾಮೆರಾಕ್ಕೆ ಸಿಕ್ಕಿಸಿದರೆ ಒಂದು ನಿಪ್ಪಟ್ಟಿನಷ್ಟು ದಪ್ಪ, ಅಷ್ಟೇ. ಅಂಗಡಿಯವನು ಬೆರಳೆತ್ತಿ ಎಚ್ಚರಿಸಿದ: "ಸಾಬ್, ಯಾದ್ ಸೇ ಬಾಹರ್ ಖೀಂಚ್ನಾ. ಅಂದರ್ ರಹಾ ತೋ ಸಬ್ ಫೋಟೋ ಖರಾಬ್!"

ನನ್ನ ಹಿಂದಿ, ಶಾಲೆಯಲ್ಲಿ ಪಾಸಾಗುವುದಕ್ಕೆ ಎಷ್ಟು ಬೇಕೋ ಅಷ್ಟು. ಆದರೂ ಅರ್ಥ ಸ್ಪಷ್ಟವಾಗಿತ್ತು. ಫೋಟೋ ಖೀಂಚ್ನಾ ಎಂದರೆ ಫೋಟೋ ತೆಗೆಯುವುದು. ಬಾಹರ್ ಎಂದರೆ ಹೊರಗೆ. ಅಂದರೆ ಫೋಟೋ ಹೊರಗೇ ತೆಗೆಯಬೇಕು, ಮನೆಯೊಳಗೆ ತೆಗೆದರೆ ಕೆಡುತ್ತದೆ. ಸಹಜವೇ, ಪುಟ್ಟ ಲೆನ್ಸಿಗೆ ಬಿಸಿಲು ಬೇಡವೇ?

ಆ ವಾರವೇ ಕೆಳಗಿನ ಮನೆಯ ವಿಲ್ಸನ್ ಬಂದರು. ಮಂಗಳೂರು ಕಡೆಯವರು. ಅವರ ತಂಗಿ ಲವೀನಾಳ ಮದುವೆ. ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರವೊಂದಿದೆ, ಅದೇ ರೋಸ್.

"ಮದುವೆಗೆ ಫೋಟೋದವ ಇದ್ದಾನೆ, ರೋಸಿಗೆ ಯಾರೂ ಇಲ್ಲ ಮಾರಾಯ್ರೆ. ಮಮ್ಮಿಗೆ ರೋಸಿನ ಆಲ್ಬಂ ಬೇಕೇ ಬೇಕಂತೆ. ನಿಮ್ಮ ಹತ್ತಿರ ಕ್ಯಾಮೆರಾ ಉಂಟಲ್ಲ?"

"ಆ ಚಿಂತೆ ನನಗೆ ಬಿಡಿ," ಎಂದೆ. "ಒಂದೇ ಷರತ್ತು. ಯಾರೂ ಮೊಬೈಲ್ ಹಿಡಿದು ಅಡ್ಡ ಬರಕೂಡದು."

ರೋಸಿನ ಸಂಜೆ ವಿಲ್ಸನ್ ಮನೆಯ ಹಾಲ್ ತುಂಬ ಹೂವು. ಎಸಿ ತಣ್ಣಗೆ ಬೀಸುತ್ತಿತ್ತು. ನಾನು ಗಂಭೀರವಾಗಿ ಘೋಷಿಸಿದೆ: "ಎಲ್ಲರೂ ಹೊರಗೆ ಬನ್ನಿ!"

ವಿಲ್ಸನ್ನರ ತಾಯಿ ಸೆಲಿನಮ್ಮ ಗಾಬರಿಯಾದರು. "ಹೊರಗೆ ಎಂತ ಸೆಕೆ ಮಾರಾಯ್ರೆ! ಇಲ್ಲಿಯೇ ತೆಗೆದರೆ ಆಗುದಿಲ್ವಾ?"

"ತಾಂತ್ರಿಕ ಕಾರಣ ಇದೆ ಅಮ್ಮ," ಎಂದೆ.

ಮಣೆ, ಮದುಮಗಳು, ತೆಂಗಿನ ಹಾಲಿನ ಪಾತ್ರೆ, ಕೊಂಕಣಿಯಲ್ಲಿ ಹಾಡುವ ಅತ್ತೆಯಂದಿರು, ಸುಮಂಗಲೆ, ಎಲ್ಲರೂ ಲಿಫ್ಟಿನಲ್ಲಿ ಇಳಿದು ಕಾರ್ ಪಾರ್ಕಿಂಗಿಗೆ ಬಂದರು. ಇಳಿಬಿಸಿಲಾದರೂ ಬಹರೈನಿನ ಬಿಸಿಲು! ಕ್ಯಾಮೆರಾದ ಕಿಟಕಿಯಲ್ಲಿ ಎಲ್ಲವೂ ಗಾಜಿನಷ್ಟು ಸ್ವಚ್ಛ. ಬಿಂಬ ಒಂದಾಗುವವರೆಗೆ ಕಾದು ಕ್ಲಿಕ್. "ಸ್ವಲ್ಪ ನಿಲ್ಲಿ! ಅತ್ತೆಯವರೇ, ಇನ್ನೊಮ್ಮೆ ಹಚ್ಚಿ!" ಮತ್ತೆ ಕ್ಲಿಕ್.

"ಅಂಕಲ್, ಬೇಗ!" ಎಂದು ಲವೀನಾ ಕೂಗಿದಳು. "ತಲೆ ಮೇಲೆ ಹಾಲು ಮೊಸರಾಗ್ತಾ ಉಂಟು!"

ಮದುವೆ ಚೆನ್ನಾಗಿ ಆಯಿತು. ರೀಲು ತೊಳೆದು ಬಂತು. ಅದರಲ್ಲಿ ಯಾರೂ ಇರಲಿಲ್ಲ! ಬರೀ ಬಿಳಿ ಮುದ್ದೆ, ಹಳದಿ ಮುದ್ದೆ. ಬಿಳಿಯದು ತೆಂಗಿನ ಹಾಲೋ ಸೆಲಿನಮ್ಮನ ಸೀರೆಯೋ ದೇವರಿಗೇ ಗೊತ್ತು. ನಾನು ರೀಲನ್ನು ಬೈದೆ, ತೊಳೆದವನನ್ನು ಬೈದೆ. ಅಂಗಡಿಯವನು ಹೇಳಿದಂತೆ ಹೊರಗೇ ತೆಗೆದಿದ್ದೆನಲ್ಲ ಎಂದು ಅವನ ಮಾತನ್ನು ಅಕ್ಷರಶಃ ಹೆಂಡತಿಗೆ ಒಪ್ಪಿಸಿದೆ.

ಸುಮಂಗಲೆ ಎರಡು ಬೆರಳಲ್ಲಿ ಲೆನ್ಸ್ ಹಿಡಿದು ಎಳೆದಳು. ಒಳಗೆ ಮುದುಡಿ ಕೂತಿದ್ದ ಅದು ಆಮೆಯ ಕತ್ತಿನಂತೆ ಉದ್ದಕ್ಕೆ ಹೊರಬಂತು. ತಿರುಗಿಸಿದಳು. ಟಕ್ ಎಂದು ನಿಂತಿತು.

"ಖೀಂಚ್ನಾ ಅಂದ್ರ ಎಳಿಯೋದೂ ಹೌದ್ರಿ! ಲೆನ್ಸ್ ಹೊರಗ ಎಳೀರಿ ಅಂತ ಹೇಳ್ಯಾನ ಅಂವ. ನೀವು ಪಾಪ, ಮದುಮಗಳಿಗಿ ಹೊರಗ ಎಳದ್ರಿ!"

ನಗುವುದಕ್ಕೂ ಆಗಲಿಲ್ಲ. ಆ ತಾಯಿಗೆ ಏನು ಹೇಳಲಿ? ಕಾಲೆಳೆಯುತ್ತ ಕೆಳಗಿಳಿದೆ. ಸುಮಂಗಲೆಯೂ ಜೊತೆಗೆ ಬಂದಳು. ನಾನು ತೊದಲತೊಡಗುವ ಮೊದಲೇ ತನ್ನ ಮೊಬೈಲನ್ನು ಸೆಲಿನಮ್ಮನ ಕೈಗಿಟ್ಟಳು. ನನ್ನ ಷರತ್ತನ್ನು ಮುರಿದು, ಕಾರುಗಳ ಮರೆಯಲ್ಲಿ ನಿಂತು, ಪೂರ್ತಿ ರೋಸಿನ ಫೋಟೋ ತೆಗೆದಿದ್ದಳು! ಈ ಮಹಾತಾಯಿಯನ್ನು ಕಟ್ಟಿಕೊಂಡದ್ದಕ್ಕೆ ನನ್ನ ಅದೃಷ್ಟವನ್ನು ಮನಸಾರೆ ಹೊಗಳಿಕೊಂಡೆ.

"ಎಷ್ಟು ಚಂದ ಉಂಟು ಬೆಳಕು!" ಎಂದು ಸೆಲಿನಮ್ಮ ಕಣ್ಣೊರೆಸಿಕೊಂಡರು. "ಒಳಗೆ ತೆಗೆದಿದ್ದರೆ ಹೀಗೆ ಬರ್ತಿರ್ಲಿಲ್ಲ."

ನನ್ನ ಎದೆ ಮತ್ತೆ ಒಂದಿಷ್ಟು ಉಬ್ಬಿತು. ಆಲ್ಬಂ ತಯಾರಾಗಿ ಬರುವವರೆಗೂ ಉಬ್ಬಿಯೇ ಇತ್ತು. ಲವೀನಾ ನಗುತ್ತಿದ್ದಾಳೆ, ಅತ್ತೆಯಂದಿರು ಹಾಡುತ್ತಿದ್ದಾರೆ, ಹಾಲು ಸುರಿಯುತ್ತಿದೆ. ಮತ್ತು ಪ್ರತಿ ಪುಟದಲ್ಲೂ ಎಲ್ಲರ ಮುಂದೆ ಬಗ್ಗಿ ನಿಂತು, ಇಳಿಬಿಸಿಲಿಗೆ ಥಳಥಳ ಹೊಳೆಯುತ್ತ, ಕೂದಲೆಳೆಯಷ್ಟೂ ಮಸುಕಾಗದೆ ಫೋಕಸ್ಸಿನಲ್ಲಿದೆ, ನನ್ನ ಬೊಕ್ಕತಲೆ!